ಉಮಾಪತಿ ತೀರಿಸಿದ ಸೇಡು

ಉಮಾಪತಿಯ ತಂಗಿ ಸುಗುಣಳನ್ನು ಕಾರಿನಲ್ಲಿ ಗುದ್ದಿ ಕೊಂದವನು, ಸಾಕ್ಷಿಗಳು ಮಾತು ಬದಲಿಸಿದ್ದರಿಂದ ಬಿಡುಗಡೆಯಾಗಿ ಹೋದ. ನ್ಯಾಯಾಲಯದಲ್ಲಿ ಸಿಗದ ನ್ಯಾಯ ತೆರೆಯ ಮೇಲಾದರೂ ಸಿಗಲಿ ಎಂದು ಉಮಾಪತಿ, ಗೆಳೆಯರನ್ನೇ ನಟರನ್ನಾಗಿಸಿ, ಬಾಡಿಗೆ ಕ್ಯಾಮೆರಾದಲ್ಲಿ ಸೇಡಿನ ಸಿನಿಮಾ ಮಾಡಿದ.

ಮೊದಲ ದಿನದ ಮ್ಯಾಟಿನಿಗೆ ಹದಿನೇಳು ಜನ ಬಂದಿದ್ದರು. ಮಧ್ಯಂತರದಲ್ಲಿ ಒಬ್ಬ ಅವನ ಕೈ ಕುಲುಕಿ, "ಶುರು ಸಕತ್ತಾಗಿದೆ ಗುರು" ಎಂದ. ಕ್ಲೈಮ್ಯಾಕ್ಸಿನಲ್ಲಿ ಅಣ್ಣನ ಪಾತ್ರಧಾರಿ ಕೊಲೆಗಾರನನ್ನು ಇರಿಯುವಾಗ ರಬ್ಬರ್ ಚಾಕು ಬಾಗಿದ್ದು ಎದ್ದು ಕಂಡಿತು. ಜನ ಗೊಳ್ಳೆಂದು ನಕ್ಕರು. ಉಮಾಪತಿ ತಲೆ ತಗ್ಗಿಸಿ ಕೂತ.

ಸಿನಿಮಾ ಮುಗಿದು ದೀಪ ಹತ್ತಿದರೂ ಪಕ್ಕದಲ್ಲಿದ್ದ ತಾಯಿ ಏಳಲಿಲ್ಲ.

"ಕೊನೆ ಕೆಟ್ಟೋಯ್ತು ಅಲ್ವೇನಮ್ಮಾ? ಆ ಚಾಕು ಒಂದು ಸರಿಯಾಗಿದ್ದಿದ್ರೆ..."

"ಚಾಕು ನಾನು ನೋಡ್ಲಿಲ್ಲ ಕಣಪ್ಪಾ. ಅವಳಿಗೆ ಕಾರು ಗುದ್ದಿದ್ಮೇಲೆ ನಾನು ಕಣ್ಣೇ ಬಿಡ್ಲಿಲ್ಲ."

"ಕೊನೇಲಿ ಅವನನ್ನ ಸಾಯಿಸಿದ್ದೀನಮ್ಮಾ."

ತಾಯಿ ಖಾಲಿ ತೆರೆಯನ್ನೇ ನೋಡುತ್ತ ಕೇಳಿದಳು: "ಕತೆ ಬರೆದೋನು ನೀನೇ ಅಲ್ವಾ? ಅವಳನ್ನ ರಸ್ತೆ ದಾಟಿಸ್ಬಿಡೋಕೆ ಆಗ್ತಿರ್ಲಿಲ್ವೇನೋ?"