ಮುಚ್ಚಿದ ಹಗೇವು

ಮಾನ್ಯ ವಾಚಕ ಮಹಾಶಯರೇ, ಶಲವಡಿಯ ರೈತ ಈರಬಸಪ್ಪನವರ ಬೆರಳು ಲ್ಯಾಪ್‌ಟಾಪಿನ ಕೀಲಿಯ ಮೇಲೆ ತಟಸ್ಥವಾದ ಆ ಕ್ಷಣವನ್ನು ದಯಮಾಡಿ ಅವಲೋಕಿಸಬೇಕು. ಪರದೆಯಲ್ಲಿ ಬಂದೂಕು ಹಿಡಿದ ಕೈ, ಅದರ ಮುಂದೆ, ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿ, ಒಳಗೆ ರಾಕ್ಷಸರು. ಹಳೆಯ ಕಾಲದ ವಿಡಿಯೊ ಗೇಮುಗಳಂತೆ ದಪ್ಪ ಚೌಕದ ಚುಕ್ಕೆಗಳಿಂದಲೇ ಅವರ ಅಣ್ಣನ ಮಗಳು ಸುನಿತಾ ಎರಡು ವರ್ಷ ಕೂತು ಕಟ್ಟಿದ ಆಟವದು. ಈ ಚುಕ್ಕೆಗಳನ್ನು ಯಾರು ನಿಜವೆಂದು ನಂಬಿಯಾರು ಎಂಬ ಅಳುಕಿನಿಂದ, ಇಂದಿನ ಹುಬ್ಬಳ್ಳಿಯ ಪ್ರದರ್ಶನವನ್ನೇ ಅವಳು ಕೈಬಿಡಲಿದ್ದಳು.

“ಇಳೀರಿ ಕಾಕಾ! ಅಂಜಿದ್ರೇನು?” ಎಂದು ಕೆಣಕಿದಳು.

“ರಾಕ್ಷಸರು ಯಾವ ಲೆಕ್ಕ ಬಿಡವಾ! ಮುಚ್ಚಿಟ್ಟ ಹಗೇವಿನ್ಯಾಗ ಕೆಟ್ಟ ಗಾಳಿ ಇರತೈತಿ. ಮೊದಲ ಕಂದೀಲ ಇಳಿಬಿಡು. ದೀಪ ಆರಲಿಲ್ಲಂದ್ರ ಇಳೀತೇನಿ,” ಎನ್ನುತ್ತ ಈರಬಸಪ್ಪನವರು ಮುಖ ಹಿಂದಕ್ಕೆಳೆದುಕೊಂಡು, ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡರು.

ಮುಚ್ಚಿದ ಆ ಮೂಗನ್ನು ಕಣ್ತುಂಬ ನೋಡಿದ ಸುನಿತಾ, ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿ ಹುಬ್ಬಳ್ಳಿಯ ಬಸ್ಸಿಗೆ ಹೊರಟೇಬಿಟ್ಟಳು.