ಬಾಲದ ಕೂದಲು

ಎಮ್ಮೆಯ ಮುಂದೆ ಬರುವ ಮಾತು ಮನುಷ್ಯರ ಮುಂದೆ ಯಾಕೆ ಬರುವುದಿಲ್ಲ? ಬೆಳಿಗ್ಗೆ ವಿದ್ಯಾನಗರದ ರೂಮು ಬಿಡುವ ಮೊದಲು ಸ್ನೇಹಾ ಡೈರಿಯಲ್ಲಿ ಬರೆದಿದ್ದು ಇದೊಂದೇ ಸಾಲು. ಹರಿಹರದಲ್ಲಿ ಬಸ್ಸು ಬದಲಿಸಿ, ಭಾನುವಳ್ಳಿಯಲ್ಲಿ ಇಳಿದು, ಹೊನ್ನಕ್ಕನ ಮನೆಯ ಮುಂದೆ ನಿಂತಾಗಲೂ ಅದು ತಲೆಯಿಂದ ಹೋಗಿರಲಿಲ್ಲ. ಕಟ್ಟೆಯ ಮೇಲೆ ಬಟ್ಟೆ ತುಂಬಿದ ಚೀಲವೊಂದಿತ್ತು. ಅದರ ಪಕ್ಕದಲ್ಲಿ ಹೊಸ ಸೊಸೆ ಚೌಡೇಶ್ವರಿ ತಲೆ ತಗ್ಗಿಸಿ ಕೂತಿದ್ದಳು.

“ಬರ್ರಿ ಮೇಡಮ್ಮಾರೆ, ಇವತ್ತೂ ಬಾಲ ಬೋಳ್ಸಾಕೆ ಬಂದ್ರಾ?” ಹೊನ್ನಕ್ಕ ಖಾಲಿ ತಂಬಿಗೆ ಹಿಡಿದು ಕೊಟ್ಟಿಗೆಯಿಂದ ಹೊರಬಂದಳು. “ಚಾ ಮಾತ್ರ ಕೇಳ್ಬ್ಯಾಡ್ರಿ. ಎಮ್ಮೆ ಮನಿಯಾಗೆ ಪಾಕೀಟು ಹಾಲು ತರೋ ಕಾಲ ಬಂದೈತೆ.”

ಸ್ನೇಹಾ ಚೌಡೇಶ್ವರಿಯನ್ನು ನೋಡಿ, “ಎಲ್ಲಿಗಾದ್ರೂ ಹೊರಟಿದ್ದೀರಾ?” ಎಂದಳು. ಉತ್ತರ ಕೊಟ್ಟಿದ್ದು ಅತ್ತೆ.

“ತವರಿಗೆ, ಕಡರನಾಯಕನಹಳ್ಳಿಗೆ. ನನ್ನ ಮಗ ಮಾರುತಿ ಬೈಕಿಗೆ ಪೆಟ್ರೋಲು ಹಾಕ್ಸಾಕೆ ಹೋಗ್ಯಾನೆ. ಎಮ್ಮೆ ಸರಿ ಹೋಗೋತಂಕ ಈಕಿ ಅಲ್ಲೇ ಇರ್ಲಿ. ಈಕಿ ಹೊಸ್ತಿಲು ದಾಟಿದಾಗಿಂದ ನನ್ನ ಗೌರಿ ಹಾಲು ಏರಿಸ್ಕಂತೈತೆ, ಕೆಳಗೆ ಬಿಡಂಗಿಲ್ಲ. ಮೇವು ಮೂಸಂಗಿಲ್ಲ. ಬಾಯಾಗೆ ಬರೇ ನೊರೆ. ಕಾಲ್ಗುಣ ಅಂದ್ರೆ ಓದಿದೋರು ನಗ್ತೀರಿ. ನಗ್ರಿ.”

ಸ್ನೇಹಾಳಿಗೆ ನಗು ಬರಲಿಲ್ಲ. ವರ್ಷ ವರ್ಷಕ್ಕೂ ಬೇಗ ಬರುತ್ತಿರುವ ಬಿಸಿಲು ಎಮ್ಮೆಗಳ ಮೈಯನ್ನು ಎಷ್ಟು ದಣಿಸುತ್ತಿದೆ ಎಂದು ತಿಳಿಯುವುದು ಅವಳ ಪಿಎಚ್‌ಡಿ ಕೆಲಸ. ರಕ್ತ ತೆಗೆದರೆ ಆಗುವುದಿಲ್ಲ. ಸೂಜಿಯ ಹೆದರಿಕೆಗೇ ಸಂಕಟದ ಹಾರ್ಮೋನು ಏರಿಬಿಡುತ್ತದೆ. ಕೂದಲು ಹಾಗಲ್ಲ. ಬೆಳೆಯುತ್ತ ಬೆಳೆಯುತ್ತ ಮೈಯ ಒಂದೊಂದು ತಿಂಗಳ ಪಾಡನ್ನೂ ಒಳಗೇ ಇಟ್ಟುಕೊಂಡಿರುತ್ತದೆ. ಉಗಾದಿ ಕಳೆದ ಮೇಲೆ ಕತ್ತರಿಸಿ ಲ್ಯಾಬಿಗೆ ಕಳಿಸಿದ್ದ ಗೌರಿಯ ಬಾಲದ ಕೂದಲಿನ ಫಲಿತಾಂಶ ಮೊನ್ನೆ ಬಂದಿತ್ತು. ತುದಿಯಲ್ಲಿ ಎಲ್ಲ ಶಾಂತ. ಈಚೆಗೆ ಬೆಳೆದ ಬುಡದ ಕಡೆ ಬರುತ್ತ ಹಾರ್ಮೋನು ಒಮ್ಮೆಗೇ ಜಿಗಿದಿತ್ತು. ಊರಿನ ಬೇರೆ ಎಮ್ಮೆಗಳದ್ದೂ ಬಿಸಿಲಿಗೆ ಏರಿತ್ತು, ಇಷ್ಟಲ್ಲ. “ಮನೆಯವರಿಗೆ ನೀನೇನೂ ಹೇಳಲು ಹೋಗಬೇಡ, ನಾನೇ ಬಂದು ವಿವರಿಸುತ್ತೇನೆ” ಎಂದು ಗೈಡ್ ಹೇಳಿದಾಗ ಅವಳು ಒಳಗೊಳಗೇ ಹಗುರಾಗಿದ್ದಳು.

“ಕೂದ್ಲು ಏನು ಹೇಳ್ತು?” ಹೊನ್ನಕ್ಕ ಹತ್ತಿರ ಬಂದಳು. “ದೊಡ್ಡ ದೊಡ್ಡ ಮಾತು ಬ್ಯಾಡ. ನನ್ನ ಗೌರಿಗೆ ಯಾವಾಗಿಂದ ಸಂಕಟ, ಅದೊಂದು ಹೇಳ್ರಿ.”

ಚೌಡೇಶ್ವರಿ ಮೊದಲ ಸಲ ತಲೆಯೆತ್ತಿದಳು. ಆ ಕಣ್ಣುಗಳನ್ನು ಎದುರಿಸಲಾಗದೆ ಸ್ನೇಹಾ ನೆಲ ನೋಡಿದಳು. ಸುಳ್ಳು ಹೇಳುವುದಕ್ಕೂ ಧೈರ್ಯ ಬೇಕು; ಅವಳಿಗೆ ಅದೂ ಇರಲಿಲ್ಲ.

“ಮಾರುತಿಯವರ ಮದುವೆ ಆಯ್ತಲ್ಲ… ಆ ತಿಂಗಳಿಂದ.”

“ಕೇಳ್ದೇನವ್ವಾ?” ಗೆದ್ದವಳ ದನಿಯಾಗಿರಲಿಲ್ಲ ಅದು. ಹೊನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾನು ಹೇಳಿದ್ರೆ ಹಳೇ ಮುದುಕಿ ಮಾತು. ಈಗ ಮಿಷನ್ನೂ ಅದನ್ನೇ ಹೇಳ್ತು.”

ಚೌಡೇಶ್ವರಿ ಚೀಲವನ್ನು ತೊಡೆಯ ಮೇಲೆಳೆದುಕೊಂಡಳು. “ಆತು ಬಿಡ್ರಿ ಅತ್ತೆ, ಹೋಗ್ತೀನಿ. ಎಮ್ಮೆನಾರ ಬದುಕ್ಲಿ.”

ಅಲ್ಲಿ ನಿಲ್ಲಲಾಗದೆ ಸ್ನೇಹಾ ಕೊಟ್ಟಿಗೆಯೊಳಗೆ ನುಗ್ಗಿದಳು. ಹೊಸ ತಗಡಿನ ಕೆಳಗೆ ಒಲೆಯ ಬಾಯಿಗೆ ಮುಖವಿಟ್ಟಂತಿತ್ತು. ಗೌರಿ ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು. “ತಪ್ಪಾಯ್ತು ಕಣೇ, ಏನೋ ಹೇಳೋಕೆ ಹೋಗಿ ಏನೋ ಹೇಳಿಬಿಟ್ಟೆ,” ಎಂದು ಪಿಸುಗುಟ್ಟಿ, ಗಾಳಿಗಾದರೂ ಹೋಗಲಿ ಎಂದು ಹಗ್ಗ ಬಿಚ್ಚಿದಳು.

ಗೌರಿ ಕಟ್ಟೆಯ ಕಡೆಗೇ ನಡೆಯಿತು. ಚೌಡೇಶ್ವರಿಯ ಮೊಣಕಾಲಿಗೆ ಮೈ ಉಜ್ಜಿಕೊಂಡೇ ದಾಟಿತು; ಬೆದರಲಿಲ್ಲ, ಕೊಂಬು ಬೀಸಲಿಲ್ಲ. ನೀರಿನ ಬಾನಿಯನ್ನೂ ಬಿಟ್ಟು ಮುಂದೆ ಹೋಗಿ, ಅಂಗಳದ ನಡುವೆ ಸುಡುಬಿಸಿಲಲ್ಲಿ, ಮೋಟು ಬುಡವೊಂದರ ಪಕ್ಕ ತಲೆ ತಗ್ಗಿಸಿ ನಿಂತಿತು.

“ಬಿಸಿಲಲ್ಲಿ ಯಾಕೆ ಹೋಗಿ ನಿಲ್ತು?” ಹಿಂದೆಯೇ ಹೊರಬಂದ ಸ್ನೇಹಾ ಕೇಳಿದಳು.

“ಹಳೇ ಚಾಳಿ,” ಎಂದಳು ಹೊನ್ನಕ್ಕ. “ಅಲ್ಲೊಂದು ಬೇವಿನ ಮರ ಇತ್ತು. ನಮ್ಮತ್ತಿ ನೆಟ್ಟಿದ್ದು. ಮದುವಿ ಚಪ್ಪರಕ್ಕೆ ಅಡ್ಡ ಆತು, ಕಡಿಸಿದ್ವಿ. ಹಂಗೇ ಕೊಟ್ಟಿಗಿ ಹುಲ್ಲಿನ ಸೂರೂ ತೆಗೆಸಿ ತಗಡು ಹಾಕ್ಸಿದ್ವಿ. ಬೀಗರು ಬರೋರು, ಮನಿ ಚೆಂದ ಕಾಣಬ್ಯಾಡೇನು?”

ಬಂದಾಗಲೆಲ್ಲ ಸ್ನೇಹಾ ತನ್ನ ಬ್ಯಾಗು ಇಡುತ್ತಿದ್ದುದು ಅದೇ ಬುಡದ ಮೇಲೆ.

ಬೀದಿಯಲ್ಲಿ ಬೈಕಿನ ಸದ್ದಾಯಿತು. ಮಾರುತಿ ಇಳಿಯದೆ, ಯಾರ ಮುಖವನ್ನೂ ನೋಡದೆ ಹಾರ್ನ್ ಒತ್ತಿದ. ಚೌಡೇಶ್ವರಿ ಎದ್ದಳು. ಅತ್ತೆಯ ಕಾಲು ಮುಟ್ಟಲು ಬಗ್ಗಿದಳು. ಹೊನ್ನಕ್ಕ ಆ ಕಡೆ ತಿರುಗಿಕೊಂಡಳು.

ಸ್ನೇಹಾಳ ಅಂಗೈ ಬೆವರಿತು. ಎದೆ ಹೊಡೆದುಕೊಳ್ಳತೊಡಗಿತು. ತನ್ನ ರಕ್ತದಲ್ಲಿ ಈಗ ಏನು ಏರುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಿಸಿಲಿಗಿಳಿದು ಗೌರಿಯ ಪಕ್ಕ ಹೋಗಿ ನಿಂತಳು. ಬೈಕಿನ ಸದ್ದನ್ನೂ ಮೀರಿ, ತನಗೇ ಗುರುತು ಸಿಗದ ದನಿಯಲ್ಲಿ ಹೇಳಿದಳು:

“ಅಮ್ಮಾ, ಆ ತಿಂಗಳು ನೀವು ಇದರ ನೆರಳನ್ನ ಕಡಿಸಿದ್ರಿ.”