ಎಡಗಡೆಯ ಕಿಟಕಿ

ಶನಿವಾರ ಸಂಜೆ ಗೌತಮ್ ಅತ್ತಿತ್ತ ನೋಡಿ, ತನ್ನದೇ ಕಾರಿನ ಎಡಗಡೆ ಕಿಟಕಿಯ ರಬ್ಬರ್ ಸಂದಿಗೆ ಒಂದಿಷ್ಟು ನುಣ್ಣನೆಯ ಮಣ್ಣು ಉದುರಿಸಿದ. ಅದರ ಮೇಲೆ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟ. ಸ್ವಿಚ್ ಒತ್ತಿದ. ಗಾಜು ನರಳುತ್ತಾ ಅರ್ಧಕ್ಕೆ ಬಂದು ನಿಂತಿತು, ಆಮೇಲೆ ಹೇಗೋ ಮನಸ್ಸು ಮಾಡಿ ಮೇಲಕ್ಕೆ ತೆವಳಿತು. ಅವನಿಗೆ ಸಮಾಧಾನವಾಯಿತು.

"ನಮ್ಮ ಕೆಸರೆ ಬಡಾವಣೇಲಿ ಎಲ್ರೂ ಕಾರು ತೊಳೀತಾರೆ, ನೀನು ಮಣ್ಣಾಕ್ತಾ ಇದ್ದೀಯಲ್ಲೋ," ಎಂದರು ಬಾಗಿಲಲ್ಲಿ ನಿಂತಿದ್ದ ತಾಯಿ ಸೋಮಮ್ಮ.

ಗೌತಮ್ ಕೇಳಿಸದವನಂತೆ ಒಳಗೆ ಹೋದ.

ಶುರುವಾದದ್ದು ನಿಜವಾದ ಕೊಳೆಯಿಂದಲೇ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಅವನೂ ಕುಸುಮಳೂ ಒಂದೇ ವಿಭಾಗದಲ್ಲಿದ್ದರು. ಇಬ್ಬರ ಮನಸ್ಸು ಕೂಡಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಹೇಳುವ ಧೈರ್ಯ ಮಾತ್ರ ಕೂಡಿಬಂದಿರಲಿಲ್ಲ. ಒಂದು ಸಂಜೆ ಕಂಪನಿ ಬಸ್ಸು ತಪ್ಪಿದಾಗ ಅವಳನ್ನು ಮಳೆಯಲ್ಲಿ ಚಾಮರಾಜಪುರಂ ಮನೆಗೆ ಬಿಟ್ಟ. ಅವಳ ಪಕ್ಕದ ಗಾಜು ಏರದೆ ಒಂದು ತೋಳು ಪೂರ್ತಿ ನೆನೆದಿತ್ತು. ಗೇಟಿನಲ್ಲಿ ಕೊಡೆ ಹಿಡಿದು ಕಾಯುತ್ತಿದ್ದ ಅವಳ ಅಪ್ಪ ನಿಂಗಯ್ಯ ಮಗಳನ್ನು ನೋಡಲಿಲ್ಲ, ಗಾಜನ್ನು ನೋಡಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಕೆಟ್ಟ ವಸ್ತು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಮೋಟಾರು ಚೆನ್ನಾಗಿದೆ, ಗಾಜು ಜಾರುವ ರಬ್ಬರಿನಲ್ಲಿ ಕೊಳೆ ಕೂತಿದೆ, ಭಾನುವಾರ ತನ್ನಿ ಎಂದರು.

ತಂದ. ನಿಂಗಯ್ಯ ಗಾಜು ಇಳಿಸಿ, ತೆಳ್ಳನೆಯ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ಸಂದಿಯೊಳಗೆ ಎಳೆದರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆಗಳನ್ನು ಉಜ್ಜಿದರು. ಚೆನ್ನಾಗಿ ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆದು, ಗಾಜನ್ನು ಮೇಲೆ ಕೆಳಗೆ ಆಡಿಸಿದರು. ಅಡುಗೆಮನೆಯಿಂದ ಕುಸುಮಳ ತಾಯಿ ಮಂಗಳಮ್ಮ ದೋಸೆಗೆ ಕರೆದರು. ಕುಸುಮ ಚಟ್ನಿ ಬಡಿಸಿದಳು. ಅಷ್ಟು ಹೊತ್ತು ಆ ಮನೆಯಲ್ಲಿ ಕೂತದ್ದು ಗೌತಮನಿಗೆ ಎಷ್ಟು ಹಿತವಾಯಿತೆಂದರೆ, ಮುಂದಿನ ಶನಿವಾರ ಮಣ್ಣಿಗೆ ಕೈ ಹಾಕಿದ.

ಹೀಗೆ ಭಾನುವಾರಗಳು ಉರುಳಿದವು. ನಿಂಗಯ್ಯ ಬೇಸರಿಸಿಕೊಳ್ಳಲಿಲ್ಲ. ಉಜ್ಜುತ್ತಾ ಡಿಪೋದ ಕಥೆ ಹೇಳುತ್ತಿದ್ದರು, ಗೌತಮ್ ನೀರು ಕೊಟ್ಟು ಬಟ್ಟೆ ಹಿಂಡುತ್ತಿದ್ದ. ನಿಮ್ಮ ಕಡೆಯವರು ಯಾರು ಎಂದು ಒಮ್ಮೆ ಕೇಳಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಜಾತಿ ಹೇಳಿದ, ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟವಿದೆ ಎಂದೂ ಹೇಳಿದ. ನಿಂಗಯ್ಯ "ಹೂಂ" ಎಂದು ಮತ್ತೆ ರಬ್ಬರ್ ಉಜ್ಜತೊಡಗಿದರು. ಆ ಒಂದು "ಹೂಂ" ಗೌತಮ್, ಕುಸುಮ ಇಬ್ಬರ ನಿದ್ದೆಯನ್ನೂ ಕೆಡಿಸಿತು. ದೊಡ್ಡಪ್ಪನ ಮಗಳು ಬೇರೆ ಜಾತಿಯವನನ್ನು ಮದುವೆಯಾದಾಗ ಅಪ್ಪ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ ಎಂದು ಕುಸುಮ ನೆನಪಿಸಿದಳು.

ಈ ಭಾನುವಾರವೂ ನಿಂಗಯ್ಯ ಕೊಳೆ ತೆಗೆಯುತ್ತಾ ಕುಳಿತರು. ಬಟ್ಟೆಗೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ, ತಲೆಯೆತ್ತದೆ ಹೇಳಿದರು:

"ಅಲ್ಲ ಗೌತಮ್, ಮೈಸೂರಿನ ಧೂಳು ಎಲ್ಲಾ ಕಿಟಕಿಗೂ ಒಂದೇ ಸಮ ಬೀಳ್ಬೇಕಲ್ವಾ? ಈ ಒಂದರ ಮೇಲೆ ಯಾಕೋ ಅದಕ್ಕೆ ಜಾಸ್ತಿ ಪ್ರೀತಿ."

ಗೌತಮನ ಕಿವಿ ಬಿಸಿಯಾಯಿತು. ಅರವತ್ತು ದಾಟಿದ ಮನುಷ್ಯ ತನ್ನ ಸುಳ್ಳನ್ನು ಮಂಡಿಯೂರಿ ತೊಳೆಯುತ್ತಿದ್ದಾರೆ ಅನ್ನಿಸಿ ನಾಚಿಕೆಯಾಯಿತು. ಇನ್ನು ಮುಂದೆ ತೊಂದರೆ ಕೊಡುವುದಿಲ್ಲ, ಇದೇ ಕೊನೆ ಎಂದು ಹೇಳಿಬಿಟ್ಟ. ನಿಂಗಯ್ಯ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದರು. ಆಮೇಲೆ, ನೀವು ಒಳಗೆ ಹೋಗಿ ಕಾಫಿ ಕುಡೀರಿ, ನಾನು ಮುಗಿಸಿ ಬರ್ತೀನಿ ಎಂದರು. ಅವನು ಕಾಫಿ ಕುಡಿದು ಬರುವಷ್ಟರಲ್ಲಿ ಕಾರಿನ ಬಾಗಿಲು ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದರು.

ಆ ವಾರವೆಲ್ಲ ಗೌತಮ್ ಎಸಿ ಹಾಕಿಕೊಂಡು ಒಬ್ಬನೇ ಓಡಾಡಿದ. ಎಡಗಡೆಯ ಕಿಟಕಿಯ ಗೊಡವೆಗೆ ಹೋಗಲಿಲ್ಲ. ಶನಿವಾರ ಮಣ್ಣನ್ನೂ ಮುಟ್ಟಲಿಲ್ಲ. ಹೋಗುವುದಾದರೆ ನೆಟ್ಟಗೆ ಹೋಗಿ, ನೆಟ್ಟಗೆ ಕೇಳುವುದು ಎಂದು ಕುಸುಮಳಿಗೆ ಫೋನಿನಲ್ಲಿ ಹೇಳಿದ. ಅವಳಿಗೂ ಭಯವಿತ್ತು, ಆದರೆ ಬೇಡವೆನ್ನಲಿಲ್ಲ.

ಭಾನುವಾರ ಅವನು ಹೋದಾಗ ನಿಂಗಯ್ಯ ಬಕೆಟ್ಟು, ಬ್ರಷ್ಷು, ಸ್ಪ್ರೇ ಎಲ್ಲವನ್ನೂ ಜಗಲಿಯ ಮೇಲೆ ಜೋಡಿಸಿಟ್ಟುಕೊಂಡು ಕುಳಿತಿದ್ದರು.

"ಕಿಟಕಿ ಸರಿಯಾಗಿದೆ ಸರ್. ಇವತ್ತು ಬೇರೆ ವಿಷಯ ಮಾತಾಡೋಕೆ ಬಂದೆ," ಎಂದ ಗೌತಮ್.

"ಮೊದಲು ಗಾಜು ನೋಡೋಣ."

ನಿಂಗಯ್ಯ ಕಾರಿನಲ್ಲಿ ಕುಳಿತು ಸ್ವಿಚ್ ಒತ್ತಿದರು. ಗಾಜು ಇಳಿಯಿತು. ಮತ್ತೆ ಒತ್ತಿದರು. ಅದು ಕೀರಲು ದನಿಯಲ್ಲಿ ಅಳುತ್ತಾ ಅರ್ಧಕ್ಕೆ ಬಂದು ನಿಂತುಬಿಟ್ಟಿತು.

ಗೌತಮ್ ಸಂದಿಯೊಳಗೆ ಬೆರಳಾಡಿಸಿದ. ಬೆರಳ ತುದಿಗೆ ಎಣ್ಣೆ ಕಲೆಸಿದ ಮಣ್ಣು ಮೆತ್ತಿಕೊಂಡಿತು. ಅವನ ತಲೆ ಓಡಲಿಲ್ಲ, ನಾಲಿಗೆ ಓಡಿತು.

"ಇಲ್ಲ ಸರ್, ಈ ಸಲ ನಾನು ಹಾಕೇ ಇಲ್ಲ."

ಬಾಗಿಲಲ್ಲಿದ್ದ ಕುಸುಮ ಬಾಯಿಗೆ ಕೈ ಅಡ್ಡ ಹಿಡಿದಳು. ಆಡಿದ ಮಾತು ಆಡಿಯಾಗಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಗೌತಮ್ ನಿಂತಲ್ಲೇ ಎಲ್ಲವನ್ನೂ ಹೇಳಿದ: ಶನಿವಾರಗಳ ಮಣ್ಣು, ಭಾನುವಾರಗಳ ಆಸೆ, ಕುಸುಮಳನ್ನು ಮದುವೆಯಾಗಬೇಕೆಂದಿರುವುದು. ಕೊನೆಗೆ ತಲೆ ತಗ್ಗಿಸಿ, ಇಷ್ಟು ದಿನ ನಿಮಗೆ ಮೋಸ ಮಾಡಿದೆ, ಕ್ಷಮಿಸಬೇಕು ಎಂದ.

ನಿಂಗಯ್ಯ ಕಾರಿನಿಂದ ಇಳಿದು ಒಣ ಬಟ್ಟೆಯನ್ನು ಅವನ ಕೈಗೆ ಕೊಟ್ಟರು. ಅಲ್ಲಿಯವರೆಗೆ ಬಾಯಿ ತುಂಬಾ "ನೀವು" ಎನ್ನುತ್ತಿದ್ದವರು ಮೊದಲ ಸಲ ಅದನ್ನು ಬಿಟ್ಟು ಮಾತಾಡಿದರು:

"ಹೋದ ವಾರ ಇನ್ನು ಬರಲ್ಲ ಅಂದ್ಬುಟ್ಟೆಯಲ್ಲಪ್ಪ, ಅದಕ್ಕೇ ಈ ಸಲ ನಾನೇ ಹಾಕಿದ್ದೆ ಕಣೋ."